ಸುರಪುರದಲ್ಲಿ ತಿಂದ ಸಕ್ಕರೆ

ಎರಡು ದಿನದ ತಿರುಗಾಟಕ್ಕೆ ನನಗೆ ಖರ್ಚಾದದ್ದು ಮುನ್ನೂರ ಎಪ್ಪತ್ತು ರೂಪಾಯಿ. ಯಾದಗಿರಿಯಿಂದ ಶಹಾಪುರ, ಅಲ್ಲಿಂದ ಸುರಪುರ, ಅದೇ ದಾರಿಯಲ್ಲಿ ಮರಳಿ. ಬಸ್ಸಿಗೆ ಒಂದು ಪೈಸೆಯೂ ಇಲ್ಲ; ಹೆಂಗಸರು ಆಧಾರ್ ಕಾರ್ಡು ತೋರಿಸಿದರೆ ಸಾಕು. ಅಕ್ಕನ ಮನೆಗೆ ಒಯ್ದ ಪೇಡೆ ಇನ್ನೂರ ನಲವತ್ತು, ಸುರಪುರದ ಆಟೊ ಎಂಬತ್ತು, ಮಿರ್ಚಿ ಮತ್ತು ಚಹಾ ಐವತ್ತು. ಆಟೊದವನು ನೂರೈವತ್ತು ಕೇಳಿದ್ದ. ಪುಕ್ಕಟೆ ಸಿಕ್ಕದ್ದು ಒಂದು ಚಿಟಿಕೆ ಸಕ್ಕರೆ ಮಾತ್ರ. ತುಟ್ಟಿಯಾದದ್ದೂ ಅದೇ.

ಹೊರಟದ್ದು ಅಕ್ಕನ ಮಗಳು ರೇಖಾಳ ಸಲುವಾಗಿ. ಅವಳು ಶಹಾಪುರದ ಒಂದು ಶಾಲೆಯಲ್ಲಿ ಟೀಚರ್. ಸುರಪುರದ ಒಬ್ಬ ಮಾಸ್ತರ ಮನೆಯಿಂದ ಸಂಬಂಧ ಬಂದಿತ್ತು. ತಲೆಯ ಮೇಲೆ ಗಂಟು ಹೊತ್ತು ಓಣಿ ಓಣಿ ಸೀರೆ ಮಾರಿ, ಕೊನೆಗೆ ಅಂಗಡಿ ಹಾಕಿದವಳು ನಾನು. ಮಂದಿಯನ್ನು ಅಳೆಯುವುದು ಗೊತ್ತೆಂದು ಅಕ್ಕ ನನ್ನನ್ನೇ ಕರೆದಳು.

ಶನಿವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಬಸ್ಸು ಹಿಡಿದೆ. ಭೀಮಾ ಸೇತುವೆ ದಾಟಿದರೂ ನಿಂತೇ ಇದ್ದೆ. ಶಹಾಪುರದಲ್ಲಿ ಬೆಟ್ಟದ ಆಕಾರದ ಬುದ್ಧ ಎಂದಿನಂತೆ ಮಲಗಿದ್ದ. ನನಗೆ ಬೆವರು ಒರೆಸಿಕೊಳ್ಳಲು ಒಂದು ಕೈ ಬಿಡುವಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಕ್ಕ ಊರ ಸುದ್ದಿಯನ್ನೆಲ್ಲ ಹೇಳಿದಳು. ಸುರಪುರದ ನಮ್ಮ ಸಮುದಾಯ ಭವನದ ಮಾಳಿಗೆಗೆ ತಗಡು ಹಾಕುವುದೋ ಸ್ಲ್ಯಾಬ್ ಹಾಕುವುದೋ ಎಂದು ಹಿರಿಯರು ಮನೆ ಮನೆಯಲ್ಲಿ ಕೂತು ಜಗಳಾಡುತ್ತಿದ್ದರಂತೆ. ಆಮೇಲೆ ರೇಖಾ ನನ್ನ ಪಕ್ಕ ಬಂದು ಕೂತಳು.

"ಚಿಗವ್ವ, ನಾ ಆ ಹುಡುಗನ ಜೋಡಿ ಒಮ್ಮಿ ಮಾತಾಡಬೇಕು. ನೌಕರಿ ಬಿಡು ಅಂದ್ರ ನಂಗ ಈ ಸಂಬಂಧ ಬ್ಯಾಡ. ಅಲ್ಲೀತನಕ ನೀ ಹೂಂ ಅನಬ್ಯಾಡ."

"ನಾ ಬಾಯೇ ಬಿಡಂಗಿಲ್ಲ," ಎಂದೆ.

ಭಾನುವಾರ ಬೆಳಿಗ್ಗೆ ಏನೂ ತಿನ್ನದೆ ಸುರಪುರದ ಬಸ್ಸು ಹತ್ತಿದೆ. ಅಲ್ಲಿ ಇಳಿದು ಮಾಸ್ತರ ಮನೆ ಎಂದು ಕೇಳಿದರೆ ಮೂರು ಮಂದಿ ಮೂರು ದಿಕ್ಕಿಗೆ ಕೈ ತೋರಿಸಿದರು. ಎರಡು ಮನೆ ಹತ್ತಿ ಇಳಿದು, ಏರು ಓಣಿಯ ಮೂರನೆಯದಕ್ಕೆ ಮುಟ್ಟಿದಾಗ ಹನ್ನೊಂದು ಗಂಟೆ. ಹುಡುಗ ಬಸವರಾಜ ಮನೆಯಲ್ಲಿರಲಿಲ್ಲ. ಹುಣಸಗಿಯಲ್ಲಿ ಅವನ ಪಂಪ್‌ಸೆಟ್ ರಿಪೇರಿ ಅಂಗಡಿ. ಯಾರದೋ ಮೋಟಾರು ಸುಟ್ಟಿತ್ತಂತೆ. ಆದರೆ ಪಡಸಾಲೆಯಲ್ಲಿ ಐದು ಮಂದಿ ಹಿರಿಯರು ತಲೆಗೆ ಪಟಗಾ ಸುತ್ತಿಕೊಂಡು ಸಾಲಾಗಿ ಕೂತಿದ್ದರು. ತಗಡಿನ ಜಗಳಕ್ಕೆ ಬಂದಿರಬೇಕೆಂದು ನಾನು ಸುಮ್ಮನಾದೆ.

ತಟ್ಟೆ ತುಂಬ ಸೂಸಲಾ ಬಂತು. ಹಸಿದವಳು ಗಬಗಬ ತಿಂದೆ. ಮಂಡಕ್ಕಿಗಿಂತ ಹಸಿಮೆಣಸಿನಕಾಯಿ ಹೆಚ್ಚಿತ್ತು. ಹುಡುಗನ ಅಜ್ಜಿ ಹತ್ತಿರ ಬಂದು, "ಮನಸಿಗಿ ಬಂತೇನವ್ವಾ?" ಎಂದು ಕೇಳಿದಳು. ಕೈಯಲ್ಲಿ ತಟ್ಟೆ ಇತ್ತಲ್ಲ, ಸೂಸಲಾದ ಮಾತೆಂದುಕೊಂಡೆ. "ಭಾಳ ಬಂತ್ರಿ," ಎಂದೆ. ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅಜ್ಜಿ ನನ್ನ ಅಂಗೈಗೆ ಸಕ್ಕರೆ ಹಾಕಿದಳು. ಖಾರಕ್ಕೆ ಕೊಟ್ಟಳೆಂದು ಬಾಯಿಗೆ ಹಾಕಿಕೊಂಡೆ. ಹಿರಿಯರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಯಾರೋ ಫೋಟೊ ತೆಗೆದರು. ನಮ್ಮ ಕಡೆ ಒಪ್ಪಿಗೆಯ ಸಕ್ಕರೆಗೆ ತಟ್ಟೆ ಬೇಕು, ಎಲೆ ಅಡಿಕೆ ಬೇಕು. ಈ ಮನೆಯಲ್ಲಿ ಅಂಗೈ ಸಾಕು ಎಂದು ನನಗೆ ಯಾರು ಹೇಳಬೇಕು?

ಮರಳಿ ಬಸ್ಸಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮುದನಾಳದ ಅಣ್ಣ ಅಭಿನಂದನೆ ಎಂದ. ಸ್ಲ್ಯಾಬ್ ಗೆದ್ದಿತೇನೋ ಎಂದುಕೊಂಡೆ. ಬಳಿಚಕ್ರದ ನಾದಿನಿ, "ವೈನಿ, ಯಾವಾಗ ಇಟ್ಕೊಂಡೀರಿ?" ಎಂದು ಕೇಳಿದಳು. ಅಂಗಡಿಯ ರಿಯಾಯಿತಿ ಮಾರಾಟ ಕೇಳುತ್ತಾಳೆಂದು, ದೀಪಾವಳಿ ಮುಂದ ಎಂದುಬಿಟ್ಟೆ.

ಶಹಾಪುರದಲ್ಲಿ ಅಕ್ಕ ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದಳು. ನಮ್ಮ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಫೋಟೊ: ಬಾಯಿ ತೆರೆದಿದೆ, ಅಂಗೈಯಲ್ಲಿ ಸಕ್ಕರೆ, ಹಿಂದೆ ಐದು ಪಟಗಾ. ಕೆಳಗೆ 'ಸಂಬಂಧ ಕೂಡಿತು'. ಅದರ ಕೆಳಗೆ ನಾದಿನಿಯ ದೀಪಾವಳಿ.

ರೇಖಾ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ. "ಸಕ್ಕರಿ ತಿಂದಾಕಿ ನೀನು. ಹಸಿರು ಬಳಿನೂ ನೀನ ಇಟ್ಕೋ, ಚಿಗವ್ವ."

ನಾನು ನಕ್ಕೆ. ಅವಳು ನಗಲಿಲ್ಲ. ಕೆಂಪು ಪೆನ್ನು ಒತ್ತಿ ಒತ್ತಿ ಹಾಳೆ ಹರಿದಿತ್ತು.

ಸುರಪುರಕ್ಕೆ ಫೋನು ಮಾಡಿ ಹುಡುಗನ ನಂಬರು ತೆಗೆದುಕೊಂಡು, ಅವನಿಗೇ ಹಚ್ಚಿದೆ. "ಫೋಟೊ ನೋಡೇ ನಂಗೂ ಗೊತ್ತಾತ್ರಿ," ಎಂದ ಬಸವರಾಜ. "ನನ್ನೂ ಯಾರೂ ಕೇಳಿಲ್ಲ."

ರೇಖಾ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ನಾ ನೌಕರಿ ಬಿಡಂಗಿಲ್ರಿ. ಅದಕ್ಕ ನೀವು ಏನಂತೀರಿ?"

ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅವಳು ಬಹಳ ಹೊತ್ತು ಕೇಳಿದಳು. ಕೊನೆಗೆ, "ಬರೋ ಐತವಾರ ಬರ್ರಿ. ಚಾ ಕೊಡ್ತೀವಿ, ಸಕ್ಕರಿ ಹಾಕಂಗಿಲ್ಲ," ಎಂದು ಫೋನು ನನಗೆ ಕೊಟ್ಟು, ಗುಂಪಿನಲ್ಲಿ ಈಗ ನೀನೇ ಹೇಳು ಎಂದಳು.

ಹೇಳಿದೆ: ಸಕ್ಕರೆ ತಿಂದದ್ದು ಸೂಸಲಾ ಖಾರವಾಗಿದ್ದಕ್ಕೆ, ಹುಡುಗಿ ಇನ್ನೂ ಹೂಂ ಅಂದಿಲ್ಲ. ಅರ್ಧ ಮಂದಿ ಕೈ ಮುಗಿದ ಚಿತ್ರ ಹಾಕಿದರು. ಉಳಿದರ್ಧ ಮದುವೆಗೆ ಎಂಥ ಸೀರೆ ತರಿಸಿದ್ದೀಯೆಂದು ಕೇಳಿದರು.

ಸಂಜೆ ಬಸ್ಸಿನಲ್ಲಿ ಭೀಮಾ ದಾಟುವಾಗಲೂ ನನಗೆ ತಿಳಿಯಲಿಲ್ಲ: ತಿಂದ ಸಕ್ಕರೆ ಒಪ್ಪಿಗೆಯೋ ಅಲ್ಲವೋ? ಅದನ್ನು ರೇಖಾ ಮುಂದಿನ ಭಾನುವಾರ ಹೇಳುತ್ತಾಳೆ. ನಾನು ನಿಮಗೆ ಹೇಳಬಲ್ಲದ್ದು ಇಷ್ಟೇ. ಆಧಾರ್ ಕಾರ್ಡು ಮರೆಯಬೇಡಿ. ಆಟೊದವನು ಕೇಳಿದ್ದರ ಅರ್ಧದಿಂದ ಶುರು ಮಾಡಿ. ಸಂಬಂಧ ನೋಡಲು ಹೋಗುವಾಗ ಮನೆಯಲ್ಲಿ ಉಂಡೇ ಹೋಗಿ. ಅಂಗೈಗೆ ಯಾರು ಏನು ಹಾಕಿದರೂ ಇದು ಯಾತಕ್ಕೆ ಎಂದು ಮೊದಲು ಕೇಳಿ. ಖಾರ ಹತ್ತಿದರೆ ನೀರು ಕುಡಿಯಿರಿ.