ಎಡಗೈ ಜೇಬಿನಲ್ಲಿ

ಅವನಿಗೆ ಎರಡು ಕೈಗಳೂ ಗಟ್ಟಿಮುಟ್ಟಾಗಿಯೇ ಇದ್ದವು. ಆದರೂ ಪೇಟೆಯವರು ಅವನನ್ನು ಕರೆಯುತ್ತಿದ್ದುದು ಒಂಟಿಕೈ ಎಂದು. ಆಂಪ್ಲಿಫೈಯರ್ ರಿಪೇರಿ ಅವನ ಕಸುಬು. ಕರೆಂಟು ಹರಿಯುತ್ತಿರುವ ಪೆಟ್ಟಿಗೆಯ ಮುಂದೆ ಕೂತರೆ ಎಡಗೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಗುತ್ತಿತ್ತು, ಕೆಲಸವೆಲ್ಲ ಬಲಗೈಯದೇ. ಎರಡೂ ಕೈ ತಗುಲಿದರೆ ಕರೆಂಟು ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತದೆ, ನಡುದಾರಿಯಲ್ಲಿ ಗುಂಡಿಗೆ ಇದೆ. ಇಷ್ಟೇ ಅವನ ಲೆಕ್ಕ.

ಆ ಬಲಗೈಯ ಕಿರುಬೆರಳು ಸೊಟ್ಟ. ಮುರಿದವನು ಸ್ವಂತ ತಮ್ಮ. ಅವರದು ಕೈಯಲ್ಲೇ ಮಾತಾಡುವ ಮನೆ. ಅಪ್ಪ ಬೆಲ್ಟಿನಲ್ಲಿ ಪ್ರಶ್ನೆ ಕೇಳುತ್ತಿದ್ದ, ಮಕ್ಕಳು ಒಬ್ಬರಿಗೊಬ್ಬರು ಮುಷ್ಟಿಯಲ್ಲಿ ಉತ್ತರ ಹೇಳಿಕೊಳ್ಳುತ್ತಿದ್ದರು. ಅಪ್ಪ ಹೋದಮೇಲೆ ಅಂಗಡಿ ಇಬ್ಬರಿಗೂ ಸೇರಿತು. ಒಂದು ದಿನ ತಮ್ಮ, ಗಿರಾಕಿಯೊಬ್ಬನ ಆಂಪ್ಲಿಫೈಯರಿನ ಪ್ಲಗ್ಗಿನ ಮೂರನೇ ಕಾಲನ್ನು, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ಪಿನ್ನನ್ನು, ಕಚಕ್ಕನೆ ಕತ್ತರಿಸಿಬಿಟ್ಟ. ಗುಂಯ್‌ಗುಡುತ್ತಿದ್ದ ಸ್ಪೀಕರು ತೆಪ್ಪಗಾಯಿತು. ಖುಷಿಯಾಗಿ ಹೊರಟಿದ್ದ ಗಿರಾಕಿಯನ್ನು ಒಂಟಿಕೈ ಬಾಗಿಲಲ್ಲೇ ತಡೆದು ಪೆಟ್ಟಿಗೆ ಕಿತ್ತುಕೊಂಡ. ತಿರುಗಿ ಬಂದು ತಮ್ಮನ ಕೆನ್ನೆಗೆ ರಪ್ಪನೆ ಬಾರಿಸಿದ. ತಮ್ಮ ಸುಮ್ಮನಿರಲಿಲ್ಲ. ಅಣ್ಣನ ಕೈ ಮೇಜಿನ ಡ್ರಾಯರಿನೊಳಗಿದ್ದಾಗ ಅದನ್ನು ಒದ್ದು ಮುಚ್ಚಿದ. ಅಂಗಡಿ ಪಾಲಾಯಿತು, ಮಾತು ನಿಂತಿತು.

ವರ್ಷಗಳು ಕಳೆದ ಮೇಲೆ ಒಂದು ಬೆಳಗ್ಗೆ ತಮ್ಮನ ಹೆಂಡತಿ ಅವನ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು.

“ಭಾವ, ಮನೇಲಿ ಹಾಡಿನ ಪೆಟ್ಟಿಗೆ ಒರೆಸೋಕೆ ಹೋದ್ರೆ ಚುರುಕ್ ಅನ್ನತ್ತೆ. ನಿಮ್ಮ ತಮ್ಮಂಗೆ ಹೇಳಿದ್ರೆ, ಹಾಗಾದ್ರೆ ಒರೆಸ್ಬೇಡ ಅಂತಾರೆ.”

“ಗುಂಯ್ ಅನ್ನತ್ತಾ?”

“ಟೀವಿ ವೈರು ಸೇರಿಸಿದಾಗ ಅಂತಿತ್ತು. ಇವ್ರು ಏನೋ ಮಾಡಿದ್ರು, ಈಗ ಚೂರೂ ಇಲ್ಲ. ಮಗಳು ದಿನಾ ಅದರ ಮುಂದೇನೇ ಕೂರ್ತಾಳೆ ಭಾವ.”

ಏನು ಮಾಡಿರಬಹುದೆಂದು ಅವನು ಕೇಳಲಿಲ್ಲ. ಟೆಸ್ಟರನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಎದ್ದ.

ಮಗಳು ಸ್ಕೂಲಿಗೆ ಹೋಗಿದ್ದಳು. ತಮ್ಮ ಬನಿಯನ್ನಿನಲ್ಲಿ ಕೂತು ಹಾಡು ಕೇಳುತ್ತಿದ್ದ. ಅಣ್ಣನನ್ನು ಕಂಡವನೇ ಹೆಂಡತಿಯ ಕಡೆ ತಿರುಗಿದ. “ಈ ಮಹಾಶಯರನ್ನ ಕರೆದೋರು ಯಾರು?”

“ನಾನೇ,” ಎಂದಳು ಅವಳು.

ಆಂಪ್ಲಿಫೈಯರ್ ಗಿಡ್ಡ ಮೇಜಿನ ಮೇಲಿತ್ತು, ಪಕ್ಕದಲ್ಲೇ ಫ್ರಿಜ್. ಪ್ಲಗ್ಗು ಭಾರದ ಬೀರುವಿನ ಹಿಂದೆ, ಕೈಗೆಟುಕದ ಕಡೆ. ಒಂಟಿಕೈ ಎಡಗೈಯನ್ನು ಜೇಬಿಗಿಳಿಸಿ, ಟೆಸ್ಟರನ್ನು ಪೆಟ್ಟಿಗೆಯ ಮೈಗೆ ಮುಟ್ಟಿಸಿದ. ಟೆಸ್ಟರಿನೊಳಗಿನ ದೀಪ ಹತ್ತಲಿಲ್ಲ. ಟೀವಿಯಿಂದ ಬಂದಿದ್ದ ತೆಳು ವೈರನ್ನು ಅದೇ ಕೈಯ ಸೊಟ್ಟ ಕಿರುಬೆರಳಿನಿಂದ ಅಲುಗಿಸಿದ. ದೀಪ ಕೆಂಪಗೆ ಹೊತ್ತಿ, ಮತ್ತೆ ಆರಿತು.

“ನೋಡೋ ಇಲ್ಲಿ. ಟ್ರಾನ್ಸ್‌ಫಾರ್ಮರಿಂದ ಕರೆಂಟು ಸೋರ್ತಾ ಇದೆ. ಸೋರಿದ್ದಕ್ಕೆ ಅರ್ತ್ ದಾರಿ ಇಲ್ಲ, ನೀನು ಪಿನ್ ಕತ್ತರಿಸಿದ್ದೀಯ. ಅದು ಈ ಕೂದಲಿನಂಥ ವೈರಿನ ತಾಮ್ರದ ಜಾಲರಿ ಹಿಡ್ಕೊಂಡು ಟೀವಿ ಕಡೆಯಿಂದ ನೆಲಕ್ಕೆ ಇಳೀತಾ ಇದೆ. ಇದು ಕಿತ್ತು ಬಂದ್ರೆ ಪೆಟ್ಟಿಗೆ ಮೈಯೆಲ್ಲ ಕರೆಂಟು. ಮೊದಲು ಆಫ್ ಮಾಡು.”

“ಗುಂಯ್ ನಿಂತಿದೆಯಲ್ಲ? ನಿನ್ನ ಕೈಲಿ ಆಗದ್ದು ನಾನು ಮಾಡ್ದೆ ಅಂತ ಹೊಟ್ಟೆಕಿಚ್ಚು ನಿಂಗೆ.”

“ಹೆಣಾನೂ ಸದ್ದು ಮಾಡಲ್ಲ ಕಣೋ ಕತ್ತೆ! ನಿನ್ನ ಮಗಳು ಮುಟ್ಟಿದ್ರೆ?”

ಮಗಳ ಮಾತು ಬಂದದ್ದೇ ತಡ, ತಮ್ಮನ ಮುಷ್ಟಿ ಅವನ ಮೂಗಿನ ಮೇಲೆ ಬಿತ್ತು. ರಕ್ತ ಬಳಬಳನೆ ಇಳಿದು ತುಟಿ ತೊಯ್ಯಿಸಿತು. ಎರಡನೆಯ ಏಟು ಕಿವಿಗೆ, ಮೂರನೆಯದು ಪಕ್ಕೆಗೆ. ಒಂಟಿಕೈ ಬಲಮೊಣಕೈಯಿಂದ ತಮ್ಮನ ಬಾಯಿಗೆ ತಿವಿದ, ಹಲ್ಲೊಂದು ನೆಲಕ್ಕುರುಳಿತು. ಆದರೆ ಪೆಟ್ಟಿಗೆ ಇನ್ನೂ ಹಾಡುತ್ತಿತ್ತು, ಎಡಗೈ ಇನ್ನೂ ಜೇಬಿನಲ್ಲೇ ಇತ್ತು.

“ಕೈ ತೆಗಿಯೋ ಜೇಬಿಂದ! ಗಂಡಸಾದ್ರೆ ಎರಡೂ ಕೈಲಿ ಬಾ!” ತಮ್ಮ ಕೆಂಪು ಎಂಜಲು ಉಗಿದ.

“ನಿಲ್ಲಿಸ್ರಿ!” ಎಂದು ಅವಳು ಕಿರುಚಿ ಸ್ವಿಚ್ಚಿಗಾಗಿ ಬೀರುವಿನ ಹಿಂದೆ ತೋಳು ತೂರಿಸಿದಳು. ಬೆರಳು ತಲುಪಲಿಲ್ಲ.

ಅಣ್ಣ ಮತ್ತೆ ಪೆಟ್ಟಿಗೆಯತ್ತ ಬಗ್ಗಿದ್ದನ್ನು ಕಂಡು ತಮ್ಮ ನುಗ್ಗಿ, ಅದರ ಸ್ಟೀಲ್ ಹಿಡಿಯನ್ನು ಎಡಗೈಯಲ್ಲಿ ಹಿಡಿದು ಎಳೆದ. ಟೀವಿಯ ವೈರು ಕಿತ್ತು ಬಂತು. ಹಾಡು ನಿಂತಿತು. ಭಾರಕ್ಕೆ ಮುಗ್ಗರಿಸಿದವನು ಬೀಳದಿರಲೆಂದು ಬಲಗೈಯಲ್ಲಿ ಫ್ರಿಜ್ಜಿನ ಬಾಗಿಲ ಹಿಡಿ ಹಿಡಿದ. ಫ್ರಿಜ್ಜಿನ ಪ್ಲಗ್ಗಿಗೆ ಮೂರೂ ಕಾಲು ಸರಿಯಾಗಿದ್ದವು. ಪೆಟ್ಟಿಗೆಯ ಕರೆಂಟಿಗೆ ಅಲ್ಲಿಯವರೆಗೆ ಸಿಗದಿದ್ದ ಅರ್ತ್ ಈಗ ಅವನ ಎದೆಯ ಮೂಲಕ ಸಿಕ್ಕಿತು.

ಅವನು ಕೂಗಲಿಲ್ಲ. ಕೂಗಲು ದವಡೆ ಬಿಡಲಿಲ್ಲ. ಕತ್ತಿನ ನರಗಳು ಹಗ್ಗದಂತೆ ಎದ್ದವು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಎರಡೂ ಮುಷ್ಟಿ ಬಿಗಿಯುತ್ತಲೇ ಹೋದವು. ಹೆಂಡತಿ ಅವನನ್ನು ಹಿಡಿಯಲು ಓಡಿದಳು. ಒಂಟಿಕೈ ಅವಳನ್ನು ಭುಜದಿಂದ ಗುದ್ದಿ ಗೋಡೆಗೆ ಕೆಡವಿದ. ಆಗ ಎಡಗೈ ಜೇಬಿನಿಂದ ಹೊರಗೆ ಬಂತು. ಎರಡೂ ಕೈಯಲ್ಲಿ ಮರದ ಸ್ಟೂಲನ್ನು ತಲೆಯೆತ್ತರಕ್ಕೆತ್ತಿ, ಹಳೆಯ ಸಿಟ್ಟನ್ನೂ ಹೊಸ ಭಯವನ್ನೂ ಒಟ್ಟಿಗೆ ಸೇರಿಸಿ, ತಮ್ಮನ ಬಲಮುಂಗೈಯ ಮೇಲೆ ಅಪ್ಪಳಿಸಿದ. ಮೂಳೆ ಲಟಕ್ಕೆಂದಿತು. ಕೈ ಫ್ರಿಜ್ಜಿನಿಂದ ಕಳಚಿತು. ಎದೆಗೆ ಸ್ಟೂಲಿನಿಂದಲೇ ಇನ್ನೊಂದು ತಿವಿತ. ತಮ್ಮ ಒಂದು ಕಡೆ ಬಿದ್ದ, ಪೆಟ್ಟಿಗೆ ಇನ್ನೊಂದು ಕಡೆ.

ನೆಲದಲ್ಲಿ ಬಿದ್ದವನ ಬಾಯಿಯಿಂದ ಮೊದಲು ಉಸಿರು ಬಂತು, ಆಮೇಲೆ ಬೈಗುಳ. ಆ ಬೈಗುಳ ಕೇಳಿದ ಮೇಲೆಯೇ ಒಂಟಿಕೈ ಸ್ಟೂಲನ್ನು ಕೆಳಗಿಟ್ಟು, ಅದರ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ತಮ್ಮ ಆಸ್ಪತ್ರೆಯಿಂದ ಬಂದಮೇಲೆ, ಒಂಟಿಕೈ ಮತ್ತೆ ಅದೇ ಮನೆಗೆ ಹೋದ. ಸೋರುತ್ತಿದ್ದ ಟ್ರಾನ್ಸ್‌ಫಾರ್ಮರ್ ಬದಲಿಸಿದ. ಬೀರುವನ್ನು ಸರಿಸಿ ಮೂರು ಕಾಲಿನ ಹೊಸ ಪ್ಲಗ್ಗು ಹಾಕಿದ. ಟೀವಿಗೆ ಛಾವಣಿಯ ಕೇಬಲ್ಲಿನಿಂದ ಒಂದು ಅರ್ತ್ ಸಿಗುತ್ತಿತ್ತು, ಆಂಪ್ಲಿಫೈಯರಿಗೆ ಗೋಡೆಯ ಪ್ಲಗ್ಗಿನಿಂದ ಇನ್ನೊಂದು. ಎರಡರ ನಡುವೆ ಸುತ್ತುತ್ತಿದ್ದ ಕರೆಂಟೇ ಆ ಗುಂಯ್. ಟೀವಿಯ ವೈರಿನ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಆಡಿಯೋ ಟ್ರಾನ್ಸ್‌ಫಾರ್ಮರ್ ಕೂರಿಸಿದ. ಅದರ ಎರಡು ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲ; ಹಾಡು ದಾಟುತ್ತದೆ, ಸುತ್ತುವ ಕರೆಂಟು ದಾಟುವುದಿಲ್ಲ.

ಜೋಳಿಗೆಯಲ್ಲಿ ನೇತುಹಾಕಿದ ಕೈಯನ್ನು ತಮ್ಮ ನೋಡಿಕೊಂಡ. “ಒಂದು ಕಿರುಬೆರಳಿಗೆ ಇಡೀ ಕೈ ಮುರಿದೆಯಲ್ಲೋ ಅಣ್ಣ. ಇದ್ಯಾವ ನ್ಯಾಯ?”

“ಈಗ ನಿಂಗೂ ಒಂದೇ ಕೈ ಇರೋದು. ಕೆಲಸ ಕಲಿಸೋಕೆ ಇದೇ ಸರಿಯಾದ ಸಮಯ,” ಎಂದ ಒಂಟಿಕೈ, ತನ್ನ ಎಡಗೈಯನ್ನು ಜೇಬಿಗಿಳಿಸಿ. “ಹಾಕು ಸ್ವಿಚ್ಚು.”

ಮಗಳನ್ನು ಅವಳಮ್ಮ ಹಿಂದಕ್ಕೆ ಎಳೆದುಕೊಂಡಳು. ತಮ್ಮ ಸ್ವಿಚ್ಚು ಒತ್ತಿದ. ಸ್ಪೀಕರಿನಿಂದ ಗುಂಯ್ ಸದ್ದು ಕೇಳಿಸಲಿಲ್ಲ. ಒಂಟಿಕೈ ಟೆಸ್ಟರನ್ನು ತಮ್ಮನ ಕೈಗೆ ಕೊಟ್ಟ. ಅವನು ಅದನ್ನು ಪೆಟ್ಟಿಗೆಗೆ ಮುಟ್ಟಿಸಿ, ದೀಪ ಹತ್ತದಿರುವುದನ್ನು ಬಹಳ ಹೊತ್ತು ನೋಡಿದ; ಆಮೇಲೆ ಮಗಳನ್ನು ಹತ್ತಿರ ಕರೆದ.