ಸೀಟ್ ಹಿಡಿದ ಬೈಬಲ್

ಇವತ್ತ ಭಾಲ್ಕಿ ಚರ್ಚಿನಾಗ ಪಾದ್ರಿಯಾದ ನಂದೇ ಉಪದೇಶ ಇತ್ತರಿ. "ಮುಂದಿನ ಜಾಗಕ್ಕ ಬಡದಾಡಬ್ಯಾಡ್ರಿ, ಕಡೀಗೆ ಕೂಡ್ರಿ" ಅಂತ ಗಂಟಲು ಹರಕೊಂಡು ಹೇಳಿ ಬಸ್‌ಸ್ಟ್ಯಾಂಡಿಗೆ ಬಂದೆ. ಬೀದರ ಬಸ್ಸಿಗೆ ಭಾಳ ಗದ್ದಲ. ಕೈಯಾಗ ಟವೆಲ್ ಇರಲಿಲ್ಲ. ಕಿಟಕಿಯಿಂದ ಬೈಬಲ್ ಇಟ್ಟು ಸೀಟ್ ಹಿಡಿದೆ. ನುಗ್ಗಿ ಒಳಗ ಹೋದ್ರ ಆ ಸೀಟಿನಾಗ ಒಬ್ಬ ಮುಸ್ಲಿಂ ಅಜ್ಜಿ ಕೂತಿದ್ರು.

"ಸೀಟ್ ನಂದರಿ ಖಾಲಾ, ಪುಸ್ತಕ ಇಟ್ಟಿದ್ದೆ" ಅಂತ ಜೋರು ಮಾಡಿದೆ.

ದುಪಟ್ಟಾದಾಗ ಸುತ್ತಿ ಎದಿಗೆ ಹಿಡಿದಿದ್ದ ಬೈಬಲ್ ತೋರಿಸಿದ್ರು. "ಪಾಕ್ ಕಿತಾಬ್, ದೇವರ ಪುಸ್ತಕ ಅದ ಬೇಟಾ, ಕೂಡೋ ಜಾಗದಾಗ ಇಡ್ತಾರೇನು? ಚರ್ಚಿಂದ ಬಂದಿಯೇನು? ಪಾದ್ರಿ ಇವತ್ತ ಏನ್ ಹೇಳಿದ್ರು?"

ನಾ ಬಾಯಿ ತೆರಿಯೋದ್ರಾಗ ಕಂಡಕ್ಟರ್ "ಟಿಕೆಟ್, ಟಿಕೆಟ್" ಅಂತ ನಡುವ ಬಂದ. ಬೀದರತನಕ ನಿಂತೇ ಬಂದೆ. ಆದ್ರ ಇಷ್ಟು ಖುಷಿಲಿಂದ ಎಂದೂ ಟಿಕೆಟ್ ತಗೊಂಡಿಲ್ಲರಿ.