ಕುರ್ಚಿಯ ಮೇಲಿನ ಪೂಜೆ

ತೊಂಬತ್ತರ ದಶಕದ ಮಾತು. ಸೊಲ್ಲಾಪುರದಲ್ಲಿ ನನ್ನ ಸೊಂಟದ ಕೀಲು ಬದಲಿಸಿದ ಡಾಕ್ಟರು ಮನೆಗೆ ಕಳಿಸುವಾಗ ಮೂರು ಸಲ ಹೇಳಿದ್ದರು: ನೆಲಕ್ಕೆ ಕೂಡಬೇಡಿ, ಚಕ್ಕಳಮಕ್ಕಳ ಹಾಕಬೇಡಿ. ಮೂರೂ ಸಲ ತಲೆಯಾಡಿಸಿದೆ. ಅಫಜಲಪುರಕ್ಕೆ ಬಂದ ಮೇಲೆ ಊಟಕ್ಕೂ ಕುರ್ಚಿ ಒಪ್ಪಿಕೊಂಡೆ. ಲಿಂಗಪೂಜೆಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಕಾಲು ಇಳಿಬಿಟ್ಟುಕೊಂಡು ಅಂಗೈಯಲ್ಲಿ ಲಿಂಗ ಹಿಡಿದರೆ ಬಸ್ಸಿಗೆ ಕಾಯುತ್ತ ಕುಳಿತಂತೆ ಅನಿಸುತ್ತಿತ್ತು. ಎರಡು ತಿಂಗಳು ತಾಳಿದೆ. ಆಮೇಲೆ ಒಂದು ಮುಂಜಾನೆ ದೇವರ ಕೋಣೆಯ ಬಾಗಿಲು ಮುಂದೆ ಮಾಡಿ, ಗೋಡೆ ಹಿಡಿದು ಇಳಿದು, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿಯೇ ಬಿಟ್ಟೆ. ನಾಲ್ಕು ದಿನ ಏನೂ ಆಗಲಿಲ್ಲ. ಡಾಕ್ಟರಿಗಿಂತ ನಾನೇ ಶಾಣ್ಯಾಕಿ ಅಂದುಕೊಂಡೆ.

ಐದನೆಯ ದಿನ ನೋವು ಶುರುವಾಯಿತು. ಹಳೆಯ ನೋವು ತೊಡೆಸಂದಿಯದು, ಅದರ ಗುಣ ನನಗೆ ಗೊತ್ತಿತ್ತು. ಇದು ಹೊಸದು, ತೊಡೆಯ ಹಿಂದಿನಿಂದ ಹೊರಟು ಹಿಮ್ಮಡಿಯವರೆಗೆ ಇಳಿಯುತ್ತಿತ್ತು. ಕೀಲು ಜಾರಿದೆ, ಮತ್ತೆ ಕೊಯ್ಯುತ್ತಾರೆ, ಇದು ಕೈಯಾರೆ ತಂದುಕೊಂಡದ್ದು ಎಂಬ ಹೆದರಿಕೆ ಹೊಕ್ಕಿತು. ಕುಳಿತರೆ ಏಳಬೇಕು, ಎದ್ದರೆ ಮಲಗಬೇಕು. ಕೋಲು ಊರಿಕೊಂಡು ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ತಿರುಗಿ ಪಡಸಾಲೆಗೆ. ಗಂಡ ಏನಾಯಿತೆಂದು ಕೇಳಿದರೆ ಸೆಕೆ ಅಂದೆ. ಮತ್ತೆ ಕೇಳಿದ್ದಕ್ಕೆ ಹರಿಹಾಯ್ದೆ. ಇಷ್ಟಾದರೂ ನೆಲಕ್ಕೆ ಕೂಡುವುದನ್ನು ಬಿಡಲಿಲ್ಲ. ಬಿಟ್ಟರೆ ತಪ್ಪು ಒಪ್ಪಿಕೊಂಡಂತೆ ಎಂಬ ಮೊಂಡುತನ.

ಹನ್ನೊಂದನೆಯ ದಿನ ಅತ್ತೆ ಬಾಗಿಲು ನೂಕಿ ಒಳಗೆ ಬಂದರು. ನಾನು ಮಣೆಯ ಮೇಲೆ ಹಲ್ಲು ಕಚ್ಚಿ ಕುಳಿತಿದ್ದೆ.

"ಲಿಂಗ ಅಂಗೈಯಾಗ ಇರ್ತದ ಬೇ, ಕುಂಡಿ ಕೆಳಗಲ್ಲ," ಅಂದರು. ರಟ್ಟೆ ಹಿಡಿದು ಎಬ್ಬಿಸಿದರು.

ಮರುದಿನವೇ ಗಂಡನ ಜೊತೆ ಸೊಲ್ಲಾಪುರದ ಬಸ್ಸು ಹತ್ತಿದೆ. ನೆಲಕ್ಕೆ ಕುಳಿತಿರಾ ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ಇಲ್ಲ ಅನ್ನಬೇಕೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡೆ. ಅವರು ಕೇಳಿದಾಗ ಸೆರಗು ಸರಿಮಾಡಲು ಹೋದ ಕೈ ಎದೆಯ ಮೇಲಿನ ಲಿಂಗಕ್ಕೆ ತಾಕಿತು.

"ಕೂತೀನ್ರಿ. ಹನ್ನೊಂದು ದಿನ," ಅಂದೆ.

ಗಂಡ ನನ್ನತ್ತ ತಿರುಗಿದರು. ಡಾಕ್ಟರು ಎಕ್ಸ್‌ರೇ ನೋಡುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ. ಕೀಲು ಜಾಗದಲ್ಲೇ ಇತ್ತು. ನೊಂದದ್ದು ನರ, ಕೆಲವು ವಾರ ವ್ಯಾಯಾಮ ಮಾಡಿದರೆ ಇಳಿಯುತ್ತದೆ, ಇನ್ನೊಮ್ಮೆ ಕುಳಿತರೆ ಮಾತ್ರ ಇದೇ ಅದೃಷ್ಟ ಇರುವುದಿಲ್ಲ ಎಂದು ಬೈದರು. ಬೈಗುಳ ಅಷ್ಟು ಹಿತವಾಗಿ ಕೇಳಿದ್ದು ಅದೊಂದೇ ಸಲ.

ಮರುದಿನ ಮುಂಜಾನೆ ಕುರ್ಚಿಯ ಮೇಲೆ ಕುಳಿತೆ. ಸೋತ ಹಾಗೆ ಅನಿಸಿ ಕಣ್ಣು ತುಂಬಿತು. ಅಷ್ಟರಲ್ಲಿ ಅತ್ತೆ ಪಡಸಾಲೆಯ ಇನ್ನೊಂದು ಕುರ್ಚಿಯನ್ನು ಎಳೆದುಕೊಂಡು ಬಂದರು. ಹುಟ್ಟಿದಾಗಿನಿಂದ ನೆಲ ಬಿಟ್ಟು ಪೂಜೆಗೆ ಕುಳಿತವರಲ್ಲ. ನನ್ನ ಪಕ್ಕಕ್ಕೇ ಹಾಕಿಕೊಂಡು ಕುಳಿತು, ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಗಿಡ್ಡ ಆಳು, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.